ಹೆಗ್ಗಣಕ್ಕೆ ಕೋಟಿ ಬಂದಾಗ

ದುಡ್ಡು ಹಾಕುವವರು ಬಂದಿದ್ದಾರಂತೆ. ನಮ್ಮ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಇಂಥ ಸುದ್ದಿ ಮುಚ್ಚಿಡಲಾಗುವುದಿಲ್ಲ. ನೀವು ನಾಲ್ವರೂ ಬಾಯಿ ಬಿಡುವ ಮೊದಲೇ ಕಾಳಿದಾಸ ರಸ್ತೆಯಲ್ಲಿ ಎದುರಾದವರು ನನಗೆ ಹೇಳಿಯಾಗಿತ್ತು. ಮೊದಲ ಚಿತ್ರದಲ್ಲಿ ಮೋರಿಯ ನೀರು ಕುಡಿದು ಮನುಷ್ಯರ ಹಾಗೆ ಎದ್ದು ನಿಂತ ನಿಮ್ಮ ಹೆಗ್ಗಣ, ಮುಂಗುಸಿ, ಬಾವಲಿ ಈ ಸಲ ದೊಡ್ಡ ಬಜೆಟ್ಟಿನಲ್ಲಿ ಊರನ್ನೇ ಕಾಪಾಡುತ್ತವಂತೆ. ಬಹಳ ಸಂತೋಷ. ನಾನು ಸಿನಿಮಾದವನಲ್ಲ, ಹೈಸ್ಕೂಲಿನಲ್ಲಿ ಚಿತ್ರ ಬರೆಯುವುದನ್ನು ಕಲಿಸಿದ ಮೇಷ್ಟ್ರು. ನಿಮ್ಮಲ್ಲಿ ಇಬ್ಬರು ನನ್ನ ಮುಂದೆಯೇ ಪೆನ್ಸಿಲ್ ಹಿಡಿದವರು. ಆ ಸಲುಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ.

ಪ್ರಾಣಿಮೈಯ ವೀರರಿಗೆ ಎರಡನೇ ಭಾಗ ಕಟ್ಟುವ ಆಸೆ ಹಾಲಿವುಡ್‌ನವರಿಗೆ ಮೊದಲು ಬಂದದ್ದಲ್ಲ. ನಮ್ಮ ಪುರಾಣದವರು ಮೂರನೇ ಭಾಗದವರೆಗೂ ಹೋಗಿಬಂದಿದ್ದಾರೆ. ಮೊದಲ ಭಾಗ ನರಸಿಂಹ. ಹಿರಣ್ಯಕಶಿಪುವಿನ ಕರುಳು ಬಗೆದ ಮೇಲೂ ನರಸಿಂಹನ ಉಗ್ರತೆ ಇಳಿಯಲಿಲ್ಲ ಎಂದು ಶೈವರು ಕಥೆ ಮುಂದುವರಿಸಿದರು. ಲಿಂಗಪುರಾಣ, ಶಿವಪುರಾಣಗಳಲ್ಲಿ ಶಿವನ ಕಡೆಯಿಂದ ಶರಭ ಬರುತ್ತಾನೆ: ಮೃಗದ ಮೈ, ಹಕ್ಕಿಯ ರೆಕ್ಕೆ, ಸಿಂಹವನ್ನೇ ಎತ್ತಿ ಹಾರುವ ಬಲ. ವೈಷ್ಣವರು ಸುಮ್ಮನಿರುತ್ತಾರೆಯೇ? ಆ ಶರಭನನ್ನು ಮಣಿಸಲು ವಿಷ್ಣು ಎರಡು ತಲೆಯ ಗಂಡಭೇರುಂಡನಾದ ಎಂದರು. ಹಿಂದಿನ ಭಾಗದ ನಾಯಕ ಮುಂದಿನ ಭಾಗದಲ್ಲಿ ಸೋಲಬೇಕು, ಹೊಸಬನಿಗೆ ಒಂದು ತಲೆಯೋ ಎರಡು ರೆಕ್ಕೆಯೋ ಹೆಚ್ಚಿರಬೇಕು. ಇವತ್ತಿನ ಸ್ಟುಡಿಯೊಗಳ ಲೆಕ್ಕಾಚಾರವೂ ಇದೇ ಅಲ್ಲವೇ?

ಈಗ ಆ ನಾಯಕರೆಲ್ಲ ಎಲ್ಲಿದ್ದಾರೆ ನೋಡಿ. ಗಂಡಭೇರುಂಡ ಮೈಸೂರು ಒಡೆಯರ ಲಾಂಛನವಾಯಿತು, ಅಲ್ಲಿಂದ ಕರ್ನಾಟಕ ಸರ್ಕಾರದ ಲಾಂಛನಕ್ಕೆ, ನಮ್ಮ ವಿಶ್ವವಿದ್ಯಾನಿಲಯದ ಮುದ್ರೆಗೆ, ಕೆಎಸ್‌ಆರ್‌ಟಿಸಿ ಬಸ್ಸಿಗೆ ಬಂತು. ಲಾಂಛನದಲ್ಲಿ ಅದರ ಎಡಬಲಕ್ಕೆ ನಿಂತಿರುವುದು ಆನೆಯ ಮೋರೆ, ಸಿಂಹದ ಮೈಯ ಶರಭಗಳು. ಪುರಾಣದ ಬದ್ಧವೈರಿಗಳನ್ನು ಸರ್ಕಾರ ಒಂದೇ ಕಾಗದದ ಮೇಲೆ ಕಾವಲಿಗೆ ನಿಲ್ಲಿಸಿದೆ! ಬಳ್ಳಿಗಾವೆಗೆ ಹೋದರೆ ಭೇರುಂಡೇಶ್ವರ ಸ್ತಂಭ ನೋಡಿ. 1047ರಲ್ಲಿ ಚಾವುಂಡರಾಯ ನಿಲ್ಲಿಸಿದ್ದು. ಮನುಷ್ಯನ ಮೈಗೆ ಎರಡು ಹಕ್ಕಿತಲೆ. ನಿಮ್ಮ ಮ್ಯುಟೆಂಟ್‌ಗಳಿಗೆಲ್ಲ ಅವನೇ ಹಿರಿಯಣ್ಣ.

ಆದರೆ ಮನೆಯಲ್ಲಿ ಅಜ್ಜಿಗೆ ಗಂಡಭೇರುಂಡನ ಕಥೆ ಹೇಳು ಅಂದುನೋಡಿ. ಒಂದು ವಾಕ್ಯ ಬರುತ್ತದೆ, ಅಷ್ಟೇ. ಪ್ರಹ್ಲಾದನ ಕಥೆ ಕೇಳಿದರೆ ರಾತ್ರಿ ಊಟ ಮುಗಿಯುವವರೆಗೂ ನಡೆಯುತ್ತದೆ. ಶರಭ, ಗಂಡಭೇರುಂಡರ ಪಾಲಿಗೆ ಆಕಾರ ಉಳಿಯಿತು, ಕಥೆ ಉಳಿಯಲಿಲ್ಲ. ಕಾರಣ ಇಷ್ಟೇ ಎಂದು ನನಗನ್ನಿಸುತ್ತದೆ: ಆ ಎರಡು ಭಾಗಗಳಲ್ಲಿ ಇರುವುದು ಬಲಕ್ಕೆ ಎದುರು ಬಲ. ಅಪ್ಪನಿಗೆ ಹೆದರದೆ ನಿಂತ ಹುಡುಗ ಅಲ್ಲಿ ಇಲ್ಲ. ಇನ್ನೊಂದು, ಮೊದಲ ಭಾಗಕ್ಕೆ ಎಂಥ ಕಟ್ಟುಪಾಡು ನೋಡಿ! ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ, ಆಯುಧದಿಂದಲ್ಲ. ಇಷ್ಟು ಬಾಗಿಲು ಮುಚ್ಚಿದ ಮೇಲೆ ಉಳಿದ ಸಂದಿಯಲ್ಲಿ ಹುಟ್ಟಿದ ಮೈ ಅದು. ಸಿಂಹದ ತಲೆ ಯಾಕೆ, ಉಗುರು ಯಾಕೆ, ಹೊಸ್ತಿಲು ಯಾಕೆ ಎಂದು ಕೇಳಿದರೆ ಒಂದೊಂದಕ್ಕೂ ಉತ್ತರ ಇದೆ. ಗಂಡಭೇರುಂಡನಿಗೆ ಎರಡು ತಲೆ ಯಾಕೆ? ಎದುರಾಳಿಗೆ ಒಂದೇ ಇತ್ತು ಅನ್ನುವುದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ನಿಮ್ಮ ಮೊದಲ ಚಿತ್ರದಲ್ಲಿ ಬಾವಲಿ ಕತ್ತಲಲ್ಲಿ ಮಾತ್ರ ಬರುತ್ತಿತ್ತು. ದುಡ್ಡಿರಲಿಲ್ಲ, ರೆಕ್ಕೆಯನ್ನು ಬೆಳಕಿನಲ್ಲಿ ತೋರಿಸುವ ಶಕ್ತಿ ಇರಲಿಲ್ಲ ಎಂದು ನೀವೇ ಹೇಳಿದಿರಿ. ಅದರಿಂದಲೇ ಆ ಬಾವಲಿಗೆ ಒಂದು ಗುಟ್ಟು ಬಂತು, ನನ್ನ ಮೊಮ್ಮಗಳು ಆಮೇಲೆ ಸಂಜೆ ಹೊತ್ತು ಕಿಟಕಿಯಿಂದ ಮರಗಳನ್ನು ನೋಡತೊಡಗಿದಳು. ಈಗ ದುಡ್ಡು ಬಂದಿದೆ ಎಂದು ಅದನ್ನು ನಡುಹಗಲಲ್ಲಿ ಚಾಮುಂಡಿ ಬೆಟ್ಟದ ಮೇಲೆ ಹಾರಿಸಬೇಡಿ. ಬಡತನ ಕಲಿಸಿದ ಬುದ್ಧಿಯನ್ನು ದುಡ್ಡು ಬಂದ ದಿನ ಕೆಲಸದಿಂದ ತೆಗೆಯಬೇಡಿ. ನಾನು ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದು; ಉಳಿದದ್ದೆಲ್ಲ ಇದರ ಬಾಲ.

ನೀವು ಆರಾಧಿಸುವ ‘ನಿಂಜಾ ಟರ್ಟಲ್ಸ್’, ಆ ನಾಲ್ಕು ಆಮೆಗಳನ್ನೇ ತೆಗೆದುಕೊಳ್ಳಿ. 1984ರಲ್ಲಿ ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಎಂಬ ಇಬ್ಬರು ಹುಡುಗರು ಸಾಲ ತಂದು ಕಪ್ಪು ಬಿಳುಪಿನಲ್ಲಿ 3000 ಪ್ರತಿ ಅಚ್ಚು ಹಾಕಿದ ಕಾಮಿಕ್ ಅದು. 1990ರ ಚಿತ್ರಕ್ಕೆ ಜಿಮ್ ಹೆನ್ಸನ್ ಅವರ ಕಾರ್ಯಾಗಾರ ರಬ್ಬರಿನ ಆಮೆಮೈ ಮಾಡಿಕೊಟ್ಟಿತು, ಒಳಗೆ ಮನುಷ್ಯರು ಬೆವರಿದರು. ಸುಮಾರು 1.35 ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕವೊಂದರಲ್ಲೇ 13 ಕೋಟಿ ದಾಟಿತು. ಒಂದೇ ವರ್ಷದಲ್ಲಿ, 1991ರಲ್ಲಿ, ಎರಡನೇ ಭಾಗ ಬಂತು. ಖರ್ಚು ಹೆಚ್ಚುಕಡಿಮೆ ಇಮ್ಮಡಿ, ಹೊಸದಾಗಿ ಎರಡು ದೈತ್ಯಪ್ರಾಣಿ. ಮೊದಲನೆಯದರಲ್ಲಿ ಹೊಡೆದಾಟ ಜಾಸ್ತಿಯಾಯಿತೆಂದು ಮಕ್ಕಳ ತಂದೆತಾಯಿಗಳು ಗೊಣಗಿದ್ದರಿಂದ ಆಮೆಗಳ ಕೈಯಲ್ಲಿ ಕತ್ತಿ ಇದ್ದೂ ಬೀಸುವಂತಿಲ್ಲ. ಅಮೆರಿಕದ ಗಳಿಕೆ 7.8 ಕೋಟಿಗೆ ಇಳಿಯಿತು. ಮುಂದೆ ಗ್ರಾಫಿಕ್ಸ್ ಕಾಲದಲ್ಲೂ ಹಾಗೆಯೇ: 2014ರ ಆಮೆಗಳು ಜಗತ್ತಿನಾದ್ಯಂತ 48 ಕೋಟಿ ಡಾಲರಿಗೂ ಹೆಚ್ಚು ತಂದವು, 2016ರಲ್ಲಿ ಅಭಿಮಾನಿಗಳು ಕೇಳಿದ ಹಂದಿ, ಘೇಂಡಾಮೃಗಗಳನ್ನೆಲ್ಲ ಸೇರಿಸಿ 13.5 ಕೋಟಿ ಸುರಿದಾಗ ಬಂದದ್ದು 24.5 ಕೋಟಿ. ಅದು ಲಾಭದ ಲೆಕ್ಕವಲ್ಲವೇ ಎಂದು ನಿಮ್ಮಲ್ಲಿ ಗಣಿತದವನು ಕೇಳುತ್ತಾನೆ. ಅಲ್ಲಪ್ಪ. ಟಿಕೆಟ್ಟಿನ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಚಿತ್ರಮಂದಿರದವರದ್ದು, ಪ್ರಚಾರದ ಖರ್ಚು ಬೇರೆ.

ಹಾಗಂತ ದೊಡ್ಡದು ಮಾಡಿದರೆ ಕೆಡುತ್ತದೆ ಎಂದು ಎಲ್ಲಿ ಹೇಳಿದೆ? ನಮ್ಮಲ್ಲೇ ಬೇರೆ ಉದಾಹರಣೆ ಇದೆ. 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ಕ್ಕೆ ಖರ್ಚಾದದ್ದು ಸುಮಾರು 16 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ಕ್ಕೆ ನೂರು ಕೋಟಿಗೂ ಮೀರಿದ ಖರ್ಚು, ಅದು ಮೊದಲಿನದಕ್ಕಿಂತ ಹೆಚ್ಚು ಗಳಿಸಿತು. ನಿರ್ದೇಶಕ ರಿಷಬ್ ಶೆಟ್ಟಿ ಮಾಡಿದ ಜಾಣತನ ಏನೆಂದರೆ, ಮೊದಲ ಚಿತ್ರದ ಕೊನೆಗೆ ಕಾಡಿನಲ್ಲಿ ಮಾಯವಾದ ನಾಯಕ ಶಿವನನ್ನು ಮತ್ತೆ ಎಳೆದು ತರಲಿಲ್ಲ. ಆ ದೈವದ ಬೇರು ಎಲ್ಲಿ ಎಂದು ಹಿಂದಕ್ಕೆ, ಕದಂಬರ ಕಾಲಕ್ಕೆ ಹೋದರು. ಅಷ್ಟಾದರೂ ನನ್ನ ಲೆಕ್ಕ ಬೇರೆ. ಎರಡನೆಯದರ ರಥ, ಹುಲಿ, ಯುದ್ಧ ಕಣ್ಣಿಗೆ ಹಬ್ಬ. ಆದರೆ ನನಗೆ ಮೈ ನಡುಗಿದ್ದು ಮೊದಲ ಚಿತ್ರದ ಕೊನೆಯಲ್ಲಿ, ದೈವ ಮೈಮೇಲೆ ಬಂದವನು ಒಂದೂ ಮಾತಾಡದೆ ಊರವರ ಮತ್ತು ಅರಣ್ಯಾಧಿಕಾರಿಯ ಕೈಗಳನ್ನು ಎಳೆದು ಒಟ್ಟು ಸೇರಿಸುತ್ತಾನಲ್ಲ, ಅಲ್ಲಿ. ಪಂಜುರ್ಲಿ ಹಂದಿಯ ದೈವ. ಅಲ್ಲಿ ಕಂಡದ್ದು ಬಣ್ಣ ಬಳಿದ ಮುಖ ಮತ್ತು ಕೈ. ಗ್ರಾಫಿಕ್ಸಿನ ಬಿಲ್ಲು ಸೊನ್ನೆ.

‘ಚಾಪ್ಟರ್ 1’ರಿಂದ ಇನ್ನೊಂದು ಎಚ್ಚರವನ್ನೂ ತೆಗೆದುಕೊಳ್ಳಿ. ಕೆಲವರು ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬಂದು ಕುಣಿದಾಗ, ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ನಿಮ್ಮ ಹೊಸ ಕಥೆಯಲ್ಲಿ ಯಾವುದೋ ಊರಿನ ಹುಲಿದೈವ ಬರುತ್ತದೆ ಎಂದು ಕೇಳಿದೆ. ನಿಮಗದು ಪಾತ್ರ, ಅಲ್ಲಿನವರಿಗೆ ಮನೆಯ ಹಿರಿಯ. ಅಲ್ಲಿಗೆ ಹೋಗಿ, ಕಾಯಿ ಒಡೆಸಿ, ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂದು ಕೇಳಿ. ಬೇಡ ಅಂದದ್ದನ್ನು ಬಿಟ್ಟುಬಿಡಿ. ಬಿಟ್ಟದ್ದರಿಂದ ಕಥೆಗೆ ನಷ್ಟವಾಗುವುದಿಲ್ಲ, ಬಾವಲಿಯ ವಿಷಯದಲ್ಲಿ ನೋಡಿದ್ದೀರಲ್ಲ.

ತಾರೀಖಿನ ಮಾತು ಸಣ್ಣದು. 2025ರ ಜುಲೈನಲ್ಲಿ ಅಶ್ವಿನ್ ಕುಮಾರ್ ನಿರ್ದೇಶಿಸಿದ, ನಮ್ಮ ಹೊಂಬಾಳೆಯವರು ಅರ್ಪಿಸಿದ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರ ಗೆದ್ದಿತು. ಅವತಾರಗಳ ಉಳಿದ ಚಿತ್ರಗಳಿಗೆ ಅವರು 2037ರವರೆಗೂ ವರ್ಷ ಗೊತ್ತುಮಾಡಿ ಪ್ರಕಟಿಸಿದ್ದಾರೆ. ನಮ್ಮ ಒಂಟಿಕೊಪ್ಪಲ್ ಪಂಚಾಂಗದವರೇ ಯುಗಾದಿಯಿಂದ ಯುಗಾದಿಗೆ ಅಚ್ಚು ಹಾಕುತ್ತಾರೆ! ದೊಡ್ಡವರಿಗೆ ಅದು ನಡೆಯುತ್ತದೆ. ನೀವು ಬಿಡುಗಡೆಯ ದಿನ ಹೇಳುವುದು ಕೊನೆಯ ರೀಲಿನ ಬಣ್ಣ ಒಣಗಿದ ಮೇಲೆ ಸಾಕು.

ಇನ್ನು ದುಡ್ಡು ಎಲ್ಲಿ ಹಾಕಬೇಕು? ಕಾಲಿಗೆ ಹಾಕಿ. ನಗಬೇಡಿ. ಕಂಪ್ಯೂಟರಿನ ಪ್ರಾಣಿ ಸುಳ್ಳೆನಿಸುವುದು ಹೆಚ್ಚಾಗಿ ಪಾದ ನೆಲಕ್ಕೆ ತಾಗುವ ಕಡೆ. ತೂಕ ಇಳಿಯುವುದಿಲ್ಲ, ಹುಲ್ಲು ಮಲಗುವುದಿಲ್ಲ, ಭುಜ ಏಳುವುದಿಲ್ಲ. 1892ರಿಂದ ನಮ್ಮೂರಲ್ಲಿ ಮೃಗಾಲಯ ಇದೆ. ಹೋಗಿ ಕೂತು ಆನೆ ಒಂದು ಕಾಲೆತ್ತುವ ಮೊದಲು ಮೈಭಾರವನ್ನು ಎತ್ತ ವಾಲಿಸುತ್ತದೆ ಎಂದು ಬರೆದುಕೊಳ್ಳಿ. ನಾನು ಹುಡುಗರನ್ನು ಕರೆದೊಯ್ಯುತ್ತಿದ್ದಾಗ ಅವರು ಮೊದಲು ಬರೆಯುತ್ತಿದ್ದುದು ಮುಖ. ಮುಖ ಸುಲಭ. ತುಪ್ಪಳ ಕಷ್ಟ, ಒದ್ದೆ ತುಪ್ಪಳ ಇನ್ನೂ ಕಷ್ಟ, ಅದು ಮಳೆಯಲ್ಲಿ ಹೊಡೆದಾಡಿದರೆ ನಿಮ್ಮ ಗಣಕಗಳು ರಾತ್ರಿಯಿಡೀ ನರಳುತ್ತವೆ. ನೀವು ಬರೆದಿರುವ ಕೊನೆಯ ಕಾಳಗ ಪೂರ್ತಿ ಮಳೆಯಲ್ಲಿದೆ. ಹೆಗ್ಗಣ ಒಂದೇ ಸಲ ನೆನೆಯಲಿ, ಆ ಒಂದು ಸಲ ಕಥೆಗೆ ಬೇಕಾದಾಗ ನೆನೆಯಲಿ. ನಿಜವಾದ ಪ್ರಾಣಿ ತಂದು ದುಡ್ಡು ಉಳಿಸುತ್ತೇವೆ ಎಂಬ ಯೋಚನೆ ಬೇಡ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲೇ ನಿಷೇಧಿಸಿದೆ. ನಾಯಿ ಬೆಕ್ಕು ತಂದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು.

‘ಲೈಫ್ ಆಫ್ ಪೈ’ ಚಿತ್ರದ ಕಂಪ್ಯೂಟರ್ ಹುಲಿಯನ್ನು ಮರೆಯಬೇಡಿ. ಅದನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆಗೆ ಹೈದರಾಬಾದು, ಮುಂಬೈಗಳಲ್ಲೂ ಶಾಖೆಗಳಿದ್ದವು. 2013ರ ಫೆಬ್ರುವರಿಯಲ್ಲಿ ಆ ಹುಲಿಗೆ ಆಸ್ಕರ್ ಬಂತು. ಅದೇ ತಿಂಗಳು, ಪ್ರಶಸ್ತಿಗೆ ಸುಮಾರು ಎರಡು ವಾರ ಮೊದಲು, ಸಂಸ್ಥೆ ದಿವಾಳಿ ಅರ್ಜಿ ಹಾಕಿತ್ತು. ಆ ಉದ್ಯಮದ ಪದ್ಧತಿಯೇ ಹಾಗೆ: ಕೆಲಸಕ್ಕೆ ಮೊದಲೇ ಒಂದು ಮೊತ್ತ ಗೊತ್ತು, ನಿರ್ದೇಶಕ ಎಷ್ಟು ಸಲ ಬದಲಾಯಿಸು ಅಂದರೂ ಮೊತ್ತ ಮಾತ್ರ ಬದಲಾಗದು. ನೀವು ಬೆಂಗಳೂರಿನ ಹುಡುಗರಿಗೆ ಕೆಲಸ ಕೊಡುವಾಗ ಎಷ್ಟು ಸಲದವರೆಗೆ ತಿದ್ದುಪಡಿ, ಆಮೇಲೆ ಒಂದೊಂದಕ್ಕೆ ಎಷ್ಟು ಎಂದು ಕಾಗದದಲ್ಲಿ ಬರೆಯಿರಿ. ಇದರಿಂದ ನಿಮ್ಮ ಮನಸ್ಸೂ ಬೇಗ ಗಟ್ಟಿಯಾಗುತ್ತದೆ.

ಅರಮನೆ ಸುಡುವ ದೃಶ್ಯಕ್ಕೆ ನಿಜವಾದ ಸೆಟ್ ಹಾಕುತ್ತೇವೆ ಅಂದಿರಿ. ಈ ಭಾಗದಲ್ಲಿ ವಯಸ್ಸಾದವರು ಯಾರೂ ಆ ಮಾತನ್ನು ಹಗುರವಾಗಿ ಕೇಳಿಸಿಕೊಳ್ಳುವುದಿಲ್ಲ. ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರುವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ನಿರ್ದೇಶಕ ಸಂಜಯ್ ಖಾನ್ ಸುಟ್ಟ ಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಗೋಡೆಗೆ ಗೋಣಿತಾಟು, ಒಳಗೆ ಪ್ರಖರ ದೀಪಗಳು, ಹೊರಬರಲು ಸಾಕಷ್ಟು ದಾರಿಯಿಲ್ಲ. ಕ್ಯಾಮೆರಾ ಎಲ್ಲಿಡಬೇಕೆಂದು ಯೋಚಿಸುವ ಮೊದಲು ಬಾಗಿಲು ಎಣಿಸಿ, ಅವು ಹೊರಕ್ಕೆ ತೆರೆಯುತ್ತವೆಯೇ ನೋಡಿ, ಅಗ್ನಿಶಾಮಕ ವಾಹನ ಬಂದು ನಿಲ್ಲುವವರೆಗೆ ದೀಪ ಹಾಕಬೇಡಿ. ಇದಕ್ಕೆ ಬಜೆಟ್ ಸಾಲದು ಅಂದರೆ ಬೆಂಕಿಯನ್ನು ಕಂಪ್ಯೂಟರಿನಲ್ಲೇ ಹಚ್ಚಿ, ಸುಳ್ಳಾಗಿ ಕಂಡರೆ ಕಾಣಲಿ.

ಕೊನೆಗೆ ಕರಾರು. ಆಮೆಗಳನ್ನು ಹುಟ್ಟಿಸಿದ ಇಬ್ಬರಲ್ಲಿ ಒಬ್ಬ ತನ್ನ ಪಾಲನ್ನು ಇನ್ನೊಬ್ಬನಿಗೆ ಮಾರಿದ. ಉಳಿದ ಲೇರ್ಡ್ 2009ರಲ್ಲಿ ಸುಮಾರು 6 ಕೋಟಿ ಡಾಲರಿಗೆ ವಯಾಕಾಮ್ ಕಂಪನಿಗೆ ಕೊಟ್ಟ. ತಿಳಿದು ಮಾರಿದರೆ ತಪ್ಪಿಲ್ಲ, ತಿಳಿಯದೆ ಕಳೆದುಕೊಳ್ಳಬಾರದು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು: ಚಿತ್ರದಲ್ಲಿ ಸೇರಿದ ಬರಹ ಮತ್ತು ಸಂಗೀತದವರು ಚಿತ್ರಮಂದಿರದಾಚೆಯ ಬಳಕೆಗೆ ಬರುವ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಕೈಯಿಂದ ಚಿತ್ರ ಬಿಡಿಸಿದವರಿಗೆ ಆ ರಕ್ಷಣೆಯನ್ನು ಅಷ್ಟು ಸ್ಪಷ್ಟವಾಗಿ ಹೇಳಿಲ್ಲ. ನಿಮ್ಮ ಗುಂಪಿನಲ್ಲಿ ಹೆಗ್ಗಣವನ್ನು ಮೊದಲು ಬರೆದ ಹುಡುಗಿ ಯಾರು, ಅವಳ ಹೆಸರು ಕರಾರಿನ ಯಾವ ಪುಟದಲ್ಲಿದೆ? ಗೊಂಬೆ, ಅಂಗಿ, ಆಟ, ಮೂರನೇ ಭಾಗ, ಇವುಗಳಲ್ಲಿ ಅವಳಿಗೆ ಎಷ್ಟೆಂದು ಬರೆಸಿ. ನಾಳೆ ದುಡ್ಡು ಹಾಕುವವರು ಪೆನ್ನು ಕೊಟ್ಟಾಗ ಸಹಿ ಹಾಕಬೇಡಿ, ಪ್ರತಿ ತಂದು ವಕೀಲರಿಗೆ ತೋರಿಸಿ. ಭಾನುವಾರ ಬೆಳಿಗ್ಗೆ ನಾನು ಚೆಲುವಾಂಬ ಪಾರ್ಕಿನಲ್ಲಿರುತ್ತೇನೆ, ಕಾಗದದ ಜೊತೆ ಆ ಹುಡುಗಿಯನ್ನೂ ಕರೆದುಕೊಂಡು ಬನ್ನಿ.