ಗಟಾರ ಹೀರುಯಂತ್ರದ ಸೇವೆ: ಸಲಕರಣೆ ಮತ್ತು ದರ ನಿರ್ಣಯ

ಮುಂಬಯಿ ಮಹಾನಗರದ ಕುರ್ಲಾ ಪ್ರದೇಶದ ಹಲವು ಭಾಗಗಳು ತಗ್ಗಿನಲ್ಲಿವೆ. ವಿಹಾರ ಮತ್ತು ಪೊವಾಯಿ ಕೆರೆಗಳ ಕೋಡಿಯ ನೀರಿನಿಂದ ರೂಪುಗೊಳ್ಳುವ ಮೀಠಿ ನದಿಯು ಸುಮಾರು 18 ಕಿಲೋಮೀಟರು ಹರಿದು, ಕುರ್ಲಾವನ್ನು ಹಾದು, ಮಾಹಿಮ್ ಖಾರಿಯಲ್ಲಿ ಸಮುದ್ರವನ್ನು ಸೇರುತ್ತದೆ. ಸಮುದ್ರದಲ್ಲಿ ಭರತವಿರುವಾಗ ಮಳೆ ಸುರಿದರೆ ನೀರು ಬೇಗನೆ ಇಳಿಯದು. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳ ಅವಧಿಗೆ 944 ಮಿಲಿಮೀಟರು ಮಳೆ ದಾಖಲಾಯಿತು. ಅಂದು ಜಲಾವೃತವಾದ ಪ್ರದೇಶಗಳಲ್ಲಿ ಕುರ್ಲಾವೂ ಒಂದು. ಅಂತಹ ಮಳೆಯನ್ನು ಯಾವ ಗಟಾರವೂ ತಾಳಲಾರದು. ಆದರೆ ಸಾಧಾರಣ ಮಳೆಗೇ ಅಂಗಳಕ್ಕೆ ಕೊಳಚೆ ನೀರು ನುಗ್ಗುತ್ತಿದ್ದರೆ, ಅದಕ್ಕೆ ಹೂಳು ತುಂಬಿದ ಗಟಾರವೇ ಕಾರಣವಾಗಿರುವ ಸಂಭವ ಹೆಚ್ಚು.

ಸಾರ್ವಜನಿಕ ಒಳಚರಂಡಿ ಮತ್ತು ನಾಲೆಗಳ ನಿರ್ವಹಣೆ ಮಹಾನಗರಪಾಲಿಕೆಯ ಹೊಣೆ. ಆದರೆ ವಸತಿ ಸೊಸೈಟಿ, ಹೋಟೆಲು, ಕಾರ್ಖಾನೆಗಳ ಆವರಣದೊಳಗಿನ ಗಟಾರ, ಸೆಪ್ಟಿಕ್ ಟ್ಯಾಂಕ್ ಮತ್ತು ಜಿಡ್ಡಿನ ಗುಂಡಿಗಳ ಶುಚಿತ್ವಕ್ಕೆ ಮಾಲೀಕರೇ ಖಾಸಗಿಯವರನ್ನು ಕರೆಸುವುದುಂಟು. ಈ ಕೆಲಸವನ್ನು ಯಂತ್ರದಿಂದ ಮಾಡುವ ಸಣ್ಣ ಉದ್ಯಮಕ್ಕೆ ಯಾವ ಸಲಕರಣೆಗಳು ಬೇಕು, ಅದರ ದರವನ್ನು ಹೇಗೆ ನಿರ್ಧರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಸೇವೆ ನೀಡುವವರಿಗೂ ಪಡೆಯುವವರಿಗೂ ಈ ತಿಳಿವಳಿಕೆ ಅಗತ್ಯ.

ಕಾನೂನಿನ ನಿಲುವು

2013ರ ಡಿಸೆಂಬರ್ 6ರಂದು ಜಾರಿಗೆ ಬಂದ ಕೈಯಿಂದ ಮಲ ಹೊರುವ ಪದ್ಧತಿಯ ನಿಷೇಧ ಮತ್ತು ಪುನರ್ವಸತಿ ಕಾಯಿದೆಯ 7ನೆಯ ಕಲಮಿನ ಪ್ರಕಾರ, ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಮತ್ತೊಬ್ಬರನ್ನು ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಕಾರ್ಯಕ್ಕೆ ತೊಡಗಿಸಕೂಡದು. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು; ಅಪರಾಧ ಮರುಕಳಿಸಿದರೆ 5 ವರ್ಷ ಮತ್ತು 5 ಲಕ್ಷ ರೂಪಾಯಿಗಳವರೆಗೆ ಶಿಕ್ಷೆಯುಂಟು. ‘ಪರೋಕ್ಷವಾಗಿ’ ಎಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು. ಗುತ್ತಿಗೆದಾರನಿಗೆ ಕೆಲಸ ವಹಿಸಿದ ಮಾತ್ರಕ್ಕೆ ಸೊಸೈಟಿಯ ಪದಾಧಿಕಾರಿಗಳ ಹೊಣೆ ತೀರುವುದಿಲ್ಲ.

ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. 2023ರ ಅಕ್ಟೋಬರ್ 20ರಂದು ಈ ಮೊತ್ತವನ್ನು 30 ಲಕ್ಷ ರೂಪಾಯಿಗಳಿಗೆ ಏರಿಸಿತು. 2025ರ ಜನವರಿಯಲ್ಲಿ ಮುಂಬಯಿ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಹೀರುಯಂತ್ರದ ತತ್ವ ಮತ್ತು ಮಿತಿ

ಹೀರುಯಂತ್ರವು ತೊಟ್ಟಿಯೊಳಗಿನ ಗಾಳಿಯನ್ನು ಹೊರತೆಗೆಯುತ್ತದೆ. ಆಗ ಹೊರಗಿನ ವಾಯುಮಂಡಲದ ಒತ್ತಡವು ಕೊಳಚೆಯನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಈ ಒತ್ತಡಕ್ಕೊಂದು ಮಿತಿಯಿದೆ. ಪೂರ್ಣ ನಿರ್ವಾತವಿದ್ದರೂ ಶುದ್ಧ ನೀರಿನ ಅಖಂಡ ಕಂಬವು ಸಮುದ್ರ ಮಟ್ಟದಲ್ಲಿ ಸುಮಾರು 10.3 ಮೀಟರಿಗಿಂತ ಮೇಲಕ್ಕೆ ಏರದು. ಕೊಳಚೆಯ ದಪ್ಪ, ಕೊಳವೆಯ ಉದ್ದ ಮತ್ತು ತಿರುವುಗಳಿಂದ ಈ ಎತ್ತರ ಇನ್ನೂ ಕುಗ್ಗುತ್ತದೆ. ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನ, ಸೇವೆ ನೀಡಬೇಕಾದ ಸ್ಥಳಗಳ ಗುಂಡಿಗಳ ಆಳವನ್ನೂ, ವಾಹನ ನಿಲ್ಲಿಸುವ ಜಾಗದಿಂದ ಗುಂಡಿಗಿರುವ ದೂರವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು.

ಎರಡನೆಯ ಮಿತಿಯೆಂದರೆ, ಹೀರುಯಂತ್ರವು ದ್ರವವನ್ನು ಸುಲಭವಾಗಿ ಎಳೆಯುತ್ತದೆ; ಗಟ್ಟಿಯಾದ ಹೂಳನ್ನು ಎಳೆಯುವುದಿಲ್ಲ. ಅದನ್ನು ಮೊದಲು ಅಧಿಕ ಒತ್ತಡದ ನೀರಿನ ಧಾರೆಯಿಂದ ಸಡಿಲಿಸಬೇಕು. ಧಾರಾಯಂತ್ರವಿಲ್ಲದ ಹೀರುಯಂತ್ರವು ಅರ್ಧ ಕೆಲಸ ಮಾಡಿ ನಿಲ್ಲುತ್ತದೆ. ಉಳಿದರ್ಧಕ್ಕೆ ಮನುಷ್ಯನನ್ನು ಇಳಿಸುವ ಪ್ರಲೋಭನೆ ಹುಟ್ಟುವುದು ಇಲ್ಲಿಯೇ.

ಬೇಕಾದ ಸಲಕರಣೆಗಳು

1. ವಾಹನ: ಕುರ್ಲಾದ ಕಿರಿದಾದ ಗಲ್ಲಿಗಳಿಗೆ ದೊಡ್ಡ ಲಾರಿ ಒಗ್ಗದು. ಸಣ್ಣ ವಾಹನವನ್ನು ಆರಿಸುವಾಗ ಭಾರದ ಲೆಕ್ಕ ತಪ್ಪಬಾರದು. 1,000 ಲೀಟರು ನೀರು 1,000 ಕಿಲೋಗ್ರಾಮು ತೂಗುತ್ತದೆ. ಹೂಳು ಅದಕ್ಕಿಂತಲೂ ಭಾರ. ತೊಟ್ಟಿ, ಪಂಪು ಮತ್ತು ಕೆಲಸಗಾರರ ತೂಕವನ್ನು ಇದಕ್ಕೆ ಕೂಡಿಸಿ, ವಾಹನದ ಸಾಮರ್ಥ್ಯಕ್ಕೆ ಹೋಲಿಸಬೇಕು. ಕಿರಿದಾದ ಓಣಿಗಳಿಗೆಂದೇ ರೂಪಿಸಿದ 200 ಸಣ್ಣ ಯಂತ್ರಗಳನ್ನು ದೆಹಲಿಯಲ್ಲಿ 2019ರಲ್ಲಿ ಬಳಕೆಗೆ ತರಲಾಯಿತು.

2. ಹೀರುಪಂಪು, ಧಾರಾಪಂಪು, ಕೊಳವೆಗಳು: ಬಿಡಿ ಕೊಳವೆ, ಜೋಡಣೆಯ ಕೊಂಡಿ ಮತ್ತು ನಾನಾ ಬಗೆಯ ಮೂತಿಗಳು ಸಂಗಡ ಇರಬೇಕು.

3. ಅನಿಲ ಪರೀಕ್ಷಕ: ಇದು ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಮತ್ತು ದಹನಶೀಲ ಅನಿಲಗಳನ್ನು ತೋರಿಸಬೇಕು. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದಂತೆ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ. ವಾಸನೆಯಿಲ್ಲವೆಂದು ಅಪಾಯವಿಲ್ಲವೆಂದು ತಿಳಿಯುವುದು ಪ್ರಾಣಾಂತಕ. ಮೀಥೇನ್ ಇರುವೆಡೆ ಬೀಡಿ, ಬೆಂಕಿಕಡ್ಡಿ ಹಚ್ಚಬಾರದು.

4. ರಕ್ಷಣಾ ಸಾಮಗ್ರಿ: ಕೈಗವಸು, ಗಂಬೂಟು, ಕನ್ನಡಕ, ಹೊಳೆಯುವ ಅಂಗಿ, ಬಾಯ್ತೆರೆದ ಗುಂಡಿಯ ಸುತ್ತ ನಿಲ್ಲಿಸುವ ತಡೆಗಟ್ಟು, ತೊಳೆಯಲು ಸಾಬೂನು ಮತ್ತು ಶುದ್ಧ ನೀರು. ಮುಂಬಯಿಯ ಮಳೆಗಾಲದಲ್ಲಿ ಇಲಿಜ್ವರ ಹರಡುವುದರಿಂದ ಕಾಲಿನ ಗಾಯಗಳನ್ನು ಮುಚ್ಚಿಕೊಂಡೇ ಕೆಲಸಕ್ಕಿಳಿಯಬೇಕು.

ದರದ ಲೆಕ್ಕ

ಅನೇಕರು ನೆರೆಯವರ ದರ ನೋಡಿ ತಮ್ಮ ದರ ನಿಗದಿ ಮಾಡುತ್ತಾರೆ. ಅದು ಸರಿಯಲ್ಲ. ಮೊದಲು ವರ್ಷದ ವೆಚ್ಚವನ್ನು ಬರೆದು, ಅದನ್ನು ಮಾಡಬಹುದಾದ ಕೆಲಸಗಳ ಸಂಖ್ಯೆಯಿಂದ ಭಾಗಿಸಬೇಕು. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಆ ಜಾಗದಲ್ಲಿ ತುಂಬಿಕೊಳ್ಳಬೇಕು.

12 ಲಕ್ಷ ರೂಪಾಯಿಯ ಯಂತ್ರ 8 ವರ್ಷ ಬಾಳುವುದಾದರೆ ವರ್ಷದ ಸವಕಳಿ: 1,50,000
ಸಾಲದ ಬಡ್ಡಿ: 60,000
ದುರಸ್ತಿ, ಕೊಳವೆ, ವಿಮೆ: 1,20,000
ಮೂವರು ಕೆಲಸಗಾರರ ಸಂಬಳ: 7,20,000
ಇಂಧನ: 1,80,000
ಹೂಳಿನ ವಿಲೇವಾರಿ: 1,20,000
ವಾಹನ ನಿಲ್ಲಿಸುವ ಜಾಗದ ಬಾಡಿಗೆ: 90,000
ರಕ್ಷಣಾ ಸಾಮಗ್ರಿ, ಲಸಿಕೆ, ವೈದ್ಯಕೀಯ ತಪಾಸಣೆ: 60,000
ಒಟ್ಟು: 15,00,000 ರೂಪಾಯಿ

ವರ್ಷಕ್ಕೆ 250 ದಿನ, ದಿನಕ್ಕೆ ಎರಡು ಕೆಲಸದಂತೆ 500 ಕೆಲಸಗಳಾದರೆ, ಒಂದು ಕೆಲಸದ ಅಸಲು 3,000 ರೂಪಾಯಿ. ದಿನಕ್ಕೆ ಒಂದೇ ಕೆಲಸ ಸಿಕ್ಕರೆ ಇಂಧನ ಮತ್ತು ವಿಲೇವಾರಿಯ ವೆಚ್ಚ ಮಾತ್ರ ಅರ್ಧಕ್ಕಿಳಿಯುತ್ತದೆ. ಉಳಿದುದು ಹಾಗೆಯೇ ನಿಲ್ಲುತ್ತದೆ. ಆಗ ಅಸಲು 5,400 ರೂಪಾಯಿಗೆ ಏರುತ್ತದೆ. ಹೀಗಾಗಿ ಒಂದೇ ಓಣಿಯ ಕೆಲಸಗಳನ್ನು ಒಂದೇ ದಿನಕ್ಕೆ ಹೊಂದಿಸುವುದು ಲಾಭದ ಮುಖ್ಯ ಸೂತ್ರ. ಅಸಲಿನ ಮೇಲೆ ನ್ಯಾಯವಾದ ಲಾಭವನ್ನು ಸೇರಿಸಿದರೆ ಅದೇ ದರ.

ಈ ಲೆಕ್ಕದಲ್ಲಿ ಮತ್ತೆರಡು ಸಂಗತಿಗಳಿವೆ. ರಕ್ಷಣೆಯ ವೆಚ್ಚವು ಕೆಲಸವೊಂದಕ್ಕೆ ಕೇವಲ 120 ರೂಪಾಯಿ, ಎಂದರೆ ಶೇಕಡಾ 4. ಕೆಲಸಗಾರರ ಸಂಬಳವಾದರೋ 1,440 ರೂಪಾಯಿ. ಯಾರಾದರೂ ಇದೇ ಕೆಲಸವನ್ನು 1,500 ರೂಪಾಯಿಗೆ ಮಾಡುವೆನೆಂದರೆ, ಯಂತ್ರ, ಇಂಧನ, ವಿಲೇವಾರಿ ಎಲ್ಲಕ್ಕೂ ಉಳಿಯುವುದು 60 ರೂಪಾಯಿ ಮಾತ್ರ. ಅಂತಹವನು ಯಂತ್ರವನ್ನು ತರದೆ ಹಗ್ಗ ಮತ್ತು ಬಕೆಟ್ಟನ್ನು ತರುವ ಸಂಭವವೇ ಹೆಚ್ಚು. ಅಗ್ಗದ ದರದಲ್ಲಿ ಬಿಟ್ಟುಹೋದ ಹಣವನ್ನು ಒಬ್ಬ ಮನುಷ್ಯ ತನ್ನ ಉಸಿರಿನಿಂದ ತುಂಬುತ್ತಾನೆ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ಭೇಟಿಯ ಶುಲ್ಕ, ಹೆಚ್ಚುವರಿ ಗಂಟೆಯ ದರ, ತೊಟ್ಟಿಯೊಂದರ ವಿಲೇವಾರಿ ದರ ಇವುಗಳನ್ನು ಪ್ರತ್ಯೇಕವಾಗಿ ಬರೆಯಬೇಕು. ಗಟಾರದ ಆಳ ಮತ್ತು ಹೂಳಿನ ಗಟ್ಟಿತನವನ್ನು ನೋಡದೆ ದರ ಹೇಳಬಾರದು. ಸೊಸೈಟಿಗಳೊಂದಿಗೆ ವಾರ್ಷಿಕ ಒಪ್ಪಂದ ಮಾಡಿಕೊಂಡು, ಮೊದಲ ಶುಚಿಕಾರ್ಯವನ್ನು ಮೇ ತಿಂಗಳೊಳಗೆ ಮುಗಿಸುವುದು ಲೇಸು; ಕೆಲಸವೆಲ್ಲ ಜೂನ್ ತಿಂಗಳಲ್ಲಿ ಒಮ್ಮೆಗೇ ಮೈಮೇಲೆ ಬೀಳದು. ಹೀರಿದ ಹೂಳನ್ನು ಪಾಲಿಕೆಯು ಒಪ್ಪಿದ ಸ್ಥಳದಲ್ಲಿಯೇ ಹಾಕಿ ರಸೀತಿ ಪಡೆಯಬೇಕು. ಮಳೆನೀರಿನ ಗಟಾರಕ್ಕೆ ಸುರಿದರೆ ಅದು ಮೀಠಿ ನದಿಯನ್ನು ಸೇರಿ, ಮುಂದಿನ ಮಳೆಗೆ ಅದೇ ಅಂಗಳಕ್ಕೆ ಹಿಂದಿರುಗೀತು. ಯಾವುದೇ ಕಾರಣಕ್ಕೂ ಗುಂಡಿಯೊಳಗೆ ಯಾರನ್ನೂ ಇಳಿಸುವುದಿಲ್ಲವೆಂಬ ವಾಕ್ಯ ಒಪ್ಪಂದದಲ್ಲಿ ಕಡ್ಡಾಯವಾಗಿ ಇರತಕ್ಕದ್ದು. ಯಂತ್ರದಿಂದ ಆಗದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಪಾಲಿಕೆಗೆ ತಿಳಿಸಬೇಕು.

ಸರ್ಕಾರದ ನೆರವು

ಸಫಾಯಿ ಕರ್ಮಚಾರಿಗಳು ಇಂತಹ ಯಂತ್ರಗಳ ಮಾಲೀಕರಾಗಬೇಕೆಂಬುದು ಕೇಂದ್ರ ಸರ್ಕಾರದ ಉದ್ದೇಶ. 2023-24ರಲ್ಲಿ ಆರಂಭವಾದ ‘ನಮಸ್ತೆ’ ಯೋಜನೆಯಲ್ಲಿ ತರಬೇತಿ, ರಕ್ಷಣಾ ಸಾಮಗ್ರಿ, ಆರೋಗ್ಯ ವಿಮೆ ಹಾಗೂ ಯಂತ್ರ ಖರೀದಿಗೆ ಬಂಡವಾಳ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಫಾಯಿ ಕರ್ಮಚಾರಿಗಳ ಹಣಕಾಸು ಮತ್ತು ಅಭಿವೃದ್ಧಿ ನಿಗಮವು ಇದನ್ನು ಕಾರ್ಯಗತಗೊಳಿಸುವ ಸಂಸ್ಥೆ. ಅರ್ಹತೆ ಮತ್ತು ಸಹಾಯಧನದ ಪ್ರಮಾಣವನ್ನು ನಿಗಮದಲ್ಲಿಯೂ ಸ್ಥಳೀಯ ಪಾಲಿಕೆಯಲ್ಲಿಯೂ ವಿಚಾರಿಸಿ ತಿಳಿಯಬಹುದು.

ನಿನ್ನೆ ಗುಂಡಿಗೆ ಇಳಿಯುತ್ತಿದ್ದವನೇ ಇಂದು ಯಂತ್ರದ ಒಡೆಯನಾಗಿ ರಸೀತಿ ಬರೆದು ಕೊಡುವಂತಾಗುವುದು ಈ ಉದ್ಯಮದಿಂದ ಸಾಧ್ಯ. ಅದು ನೆಲೆಗೊಳ್ಳಬೇಕಾದರೆ ಸೇವೆ ಪಡೆಯುವವರು ದರವನ್ನು ಕೇಳುವಾಗ, ಯಂತ್ರ ಯಾವುದು, ಅನಿಲ ಪರೀಕ್ಷಕ ಇದೆಯೇ, ಹೂಳು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಈ ಮೂರಕ್ಕೂ ಉತ್ತರವಿರುವ ದರವೇ ಸರಿಯಾದ ದರ.