ಸೋಮವಾರದ ಹೊಟ್ಟೆನೋವು

ಶಾಲೆ ಶುರುವಾಗಿ ಮೂರು ವಾರ ಆಗಿರಬೇಕು. ಸಿದ್ದಕಟ್ಟೆ ಕಡೆಯ ತಾಯಿಯೊಬ್ಬರು ಆರನೇ ಕ್ಲಾಸಿನ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ರಕ್ತಪರೀಕ್ಷೆಯದ್ದು, ಸ್ಕ್ಯಾನಿಂಗಿನದ್ದು ಅಂತ ನಾಲ್ಕೈದು ರಿಪೋರ್ಟು. “ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅಂತ ಮುದುಡಿಕೊಂಡು ಮಲಗ್ತಾನೆ ಮೇಡಂ. ಸ್ಕೂಲ್ ವ್ಯಾನ್ ಹೋದದ್ದೇ ಎದ್ದು ನಾಲ್ಕು ನೀರುದೋಸೆ ತಿಂತಾನೆ. ಡಾಕ್ಟ್ರು ಎಂತ ಇಲ್ಲ ಅಂದ್ರು. ಇದು ಸುಳ್ಳು ಹೇಳುವುದಲ್ವಾ?” ಹುಡುಗ ತಲೆ ಎತ್ತದೆ ತನ್ನ ಚಪ್ಪಲಿಯ ಬಾರನ್ನೇ ನೋಡುತ್ತಾ ಕೂತಿದ್ದ.

ಸುಳ್ಳಲ್ಲ. ಇದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ದಾರಿ ತಪ್ಪುವುದು ಇಲ್ಲೇ. ಸ್ಕ್ಯಾನಿಂಗಿನಲ್ಲಿ ಕಾಣದ ನೋವೂ ನೋವೇ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ, ಅಡ್ರಿನಲ್ ಅಂತ ಹೆಸರು. ಅಪಾಯ ಬಂತು ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ಅವು ಅಡ್ರಿನಲಿನ್ ಸುರಿಸುತ್ತವೆ, ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಕೂಡ. ಎದೆ ಢವಢವ, ಅಂಗೈಯಲ್ಲಿ ಬೆವರು. ಹೊಟ್ಟೆಗೆ ಹರಿಯುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ, ಜೀರ್ಣದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊಟ್ಟೆ ಹಿಂಡಿದಂತಾಗುವುದು ಅದಕ್ಕೇ. ವ್ಯಾನ್ ಹೋಯಿತು, ಅಪಾಯ ಕಳೆಯಿತು, ಹಸಿವು ವಾಪಸ್ ಬಂತು. ನೀರುದೋಸೆಯ ಲೆಕ್ಕ ಇಷ್ಟೆ.

ತೋಟಕ್ಕೆ ಹೋದಾಗ ಅಡಿಕೆ ಸೋಗೆಯ ಕೆಳಗೆ ಕನ್ನಡಿಹಾವು ಕಂಡರೆ ಈ ಏರ್ಪಾಡು ಜೀವ ಉಳಿಸುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಇದನ್ನು ವಿವರಿಸಿದ: ಪ್ರಾಣಿ ಒಂದೋ ಕಾದಾಡಲು ಅಣಿಯಾಗುತ್ತದೆ, ಇಲ್ಲವೇ ಓಡಲು. ಕ್ಲಾಸಿನಲ್ಲಿರುವ ಮಗುವಿನ ಕಷ್ಟವೆಂದರೆ ಅದಕ್ಕೆ ಎರಡಕ್ಕೂ ಅವಕಾಶವಿಲ್ಲ. ಮೈಯೆಲ್ಲ ಓಡು ಅನ್ನುತ್ತಿರುವಾಗ ಬೆಂಚಿನ ಮೇಲೆ ಕೈಕಟ್ಟಿ ಕೂತಿರಬೇಕು.

ಹಾಗೆಂದು ಒತ್ತಡವೇ ಬೇಡ ಎನ್ನುವ ಪಂಗಡದವಳಲ್ಲ ನಾನು. ಪರೀಕ್ಷೆಯ ಹಿಂದಿನ ದಿನ ಸ್ವಲ್ಪ ಪುಕುಪುಕು ಆಗದಿದ್ದರೆ ಪುಸ್ತಕ ಬಿಡಿಸುವವರು ಯಾರು? 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿ, ಕಷ್ಟದ ಪಾಠವಾದರೆ ಹದವಾದ ಬಿಸಿಯಲ್ಲಿ ಕಲಿಕೆ ಚುರುಕಾಗುತ್ತದೆ, ಬಿಸಿ ಏರಿದರೆ ಕೆಡುತ್ತದೆ ಎಂದು ತೋರಿಸಿದ್ದರು. ಗಂಜಿ ಬೇಯಿಸಿದವರಿಗೆ ಇದಕ್ಕೆ ಇಲಿ ಬೇಕಾಗಿಲ್ಲ. ಆದರೆ ಹದ ತಪ್ಪುವುದು ಎಲ್ಲಿ ಎನ್ನುವುದು ಕೇಳಬೇಕಾದ ಪ್ರಶ್ನೆ. ನಾನು ಕಂಡ ಮಟ್ಟಿಗೆ ಅದು ಕೆಲಸದ ಭಾರಕ್ಕಿಂತ ಹೆಚ್ಚಾಗಿ ಮೂರು ಕಡೆ ತಪ್ಪುತ್ತದೆ: ಮುಂದೆ ಏನಾಗುತ್ತದೆಂದು ಗೊತ್ತಿಲ್ಲ, ಅದರಲ್ಲಿ ತನ್ನ ಮಾತು ನಡೆಯುವುದಿಲ್ಲ, ಹೇಳಿಕೊಳ್ಳಲು ಜನ ಇಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಹೊರೆಯೂ ಉಂಟು. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ. 97.37ರೊಂದಿಗೆ ರಾಜ್ಯಕ್ಕೆ ಮೊದಲು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 91.12, ಮತ್ತೆ ಮೊದಲು. ಹೆಮ್ಮೆ ಪಡಬೇಕಾದದ್ದೇ. ಆದರೆ ಫಲಿತಾಂಶದ ಮರುದಿನ ಬಿ.ಸಿ. ರೋಡಿನಿಂದ ಮೂಡುಬಿದಿರೆಯ ತನಕ ನಿಲ್ಲುವ ಫ್ಲೆಕ್ಸ್‌ಗಳನ್ನು ನೂರಕ್ಕೆ ಅರುವತ್ತು ತೆಗೆಯುವ ಮಗುವಿನ ಕಣ್ಣಿಂದ ಒಮ್ಮೆ ನೋಡಿ. ರ‍್ಯಾಂಕಿನವರ ಊರಲ್ಲಿ ಪಾಸಾಗುವುದೂ ಸೋತ ಹಾಗೆ ಕಾಣುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಒಂದು ಸಮಾಧಾನದ ವಿಷಯವನ್ನು ಮನೆಯಲ್ಲೇ ಹೇಳಬಹುದು. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕ ಉಳಿಯುತ್ತದೆ. ‘ಇದು ಹೋದರೆ ಜೀವನವೇ ಹೋಯಿತು’ ಎಂಬ ಮಾತು ನಿಯಮದ ಪ್ರಕಾರವೂ ಸುಳ್ಳು.

ಇನ್ನು ಹಾಸ್ಟೆಲ್. ಮೂಡುಬಿದಿರೆ, ಉಜಿರೆಗಳಿಗೆ ಗದಗ, ಕೊಪ್ಪಳ, ಚಿತ್ರದುರ್ಗಗಳಿಂದ ಬಂದ ಮಕ್ಕಳು ಸಾವಿರಗಟ್ಟಲೆ. ಮೊದಲ ಮಳೆಗಾಲ ಅವರಿಗೆ ಕಷ್ಟ. ಒಣಗದ ಬಟ್ಟೆ, ಕುಚ್ಚಲಕ್ಕಿ ಅನ್ನ, ತುಳುವಿನಲ್ಲಿ ನಗುವ ಗೆಳೆಯರು. ವಾರಕ್ಕೊಮ್ಮೆ ಬರುವ ಮನೆಯ ಫೋನಿನಲ್ಲಿ ಮೊದಲ ಪ್ರಶ್ನೆ “ಟೆಸ್ಟಲ್ಲಿ ಎಷ್ಟು ಬಂತು?” ಎಂದಾದರೆ, ಎರಡನೆಯ ವಾರದಿಂದ ಮಗು ಹೇಳಬೇಕಾದದ್ದನ್ನು ನುಂಗಲು ಕಲಿಯುತ್ತದೆ. ರಾತ್ರಿ ಊಟಕ್ಕೆ ಎಂತ ಇತ್ತು, ಪಕ್ಕದ ಮಂಚದವನ ಊರು ಯಾವುದು ಎಂದು ಕೇಳಿ. ಅಂಕದ ಸುದ್ದಿ ಹೇಗೂ ಶಾಲೆಯವರು ಮೊಬೈಲಿಗೆ ಕಳಿಸುತ್ತಾರೆ.

ಅಂಕದ ಹೊರೆಯ ಜೊತೆಗೆ ಭಯದ ಹೊರೆಯೂ ಉಂಟು. ಮಕ್ಕಳ ಸುರಕ್ಷೆ ಎಂದರೆ ಗೇಟು, ಸಿಸಿಟಿವಿ ಎಂದುಕೊಳ್ಳುವವರಿಗೆ ಬೆಳ್ತಂಗಡಿಯ ಪೂರ್ವದ ಹಳ್ಳಿಗಳ ಮಾತು ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆ ಗುಡ್ಡ ಕುಸಿದು, ಹೊಳೆಗಳು ಮರದ ದಿಮ್ಮಿ ಹೊತ್ತುಕೊಂಡು ತೋಟ, ಮನೆಗಳಿಗೆ ನುಗ್ಗಿದವು. ಅಂಥದ್ದನ್ನು ಕಂಡ ಸಣ್ಣ ಮಗು ಎಷ್ಟೋ ವರ್ಷದ ನಂತರವೂ, ಹಂಚಿನ ಮೇಲೆ ಮಳೆ ಜೋರಾದಾಗ ಕ್ಲಾಸಿನ ಕಿಟಕಿಯ ಹೊರಗೆ ನೋಡುತ್ತಾ ಕೂರಬಹುದು. ಟೀಚರ್ ಕಣ್ಣಿಗೆ ಅದು ಗಮನವಿಲ್ಲದ ಹುಡುಗ. ಅವನಿಗೆ ಆ ಹೊತ್ತಿನಲ್ಲಿ ಇರುವುದು ಒಂದೇ ಯೋಚನೆ, ಸಂಜೆ ಕಾಲುಸಂಕ ಇರುತ್ತದೋ ಇಲ್ಲವೋ ಎಂದು. ಡೀಸಿ ರಜೆ ಕೊಟ್ಟರೆ ಆ ದಿನಕ್ಕೆ ಸಾಕು. ಮಿಕ್ಕ ದಿನಗಳಿಗೆ, ಹೊಳೆ ಏರಿದರೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಎಲ್ಲಿ ಕಾಯಬೇಕು ಎಂಬುದನ್ನು ಬೆಳಿಗ್ಗೆಯೇ ಹೇಳಿ ಕಳಿಸಿದರೆ ಮಗುವಿನ ಮೈ ಸಡಿಲವಾಗುತ್ತದೆ. ಊರಿನಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಬಿದ್ದ ದಿನಗಳಿಗೂ ಇದೇ ಮಾತು. ದೊಡ್ಡವರು ಜಗಲಿಯಲ್ಲಿ ಪಿಸುಗುಟ್ಟಿದಷ್ಟೂ ಮಕ್ಕಳ ಭಯ ದೊಡ್ಡದಾಗುತ್ತದೆ.

ಹೆದರಿದ ಮಗುವಿಗೆ ನೂಲು ಕಟ್ಟಿಸುವುದು, ಉಪ್ಪು ಮೆಣಸು ನಿವಾಳಿಸುವುದು ನಮ್ಮಲ್ಲಿ ಉಂಟು. ನಾನು ಬೇಡ ಅನ್ನುವುದಿಲ್ಲ. ಅಜ್ಜಿ ಹತ್ತಿರ ಕೂರಿಸಿಕೊಂಡು ತಲೆ ಮುಟ್ಟುವ ಆ ಹತ್ತು ನಿಮಿಷಕ್ಕೆ ತನ್ನದೇ ಗುಣವಿದೆ. ನೂಲು ಕಟ್ಟಿಸಿ ಕೆಲಸ ಮುಗಿಯಿತೆಂದು ಕೇಳುವುದನ್ನು ನಿಲ್ಲಿಸಬಾರದು, ಅಷ್ಟೆ.

ಕೇಳುವುದಕ್ಕೂ ಒಂದು ರೀತಿ ಇದೆ. ಎದುರು ನಿಲ್ಲಿಸಿ “ಯಾಕೆ?” ಎಂದರೆ ಅದು ವಿಚಾರಣೆ. ಸ್ಕೂಟರಿನ ಹಿಂದೆ ಕೂತಾಗ, ಹಲಸಿನ ತೊಳೆ ಬಿಡಿಸುವಾಗ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಹೊತ್ತಿನಲ್ಲಿ ಮಕ್ಕಳು ತಾವಾಗಿ ಹೇಳುತ್ತಾರೆ. ಮನೆಯ ಭಾಷೆಯಲ್ಲೇ ಹೇಳಲಿ, ತುಳುವೋ ಬ್ಯಾರಿಯೋ ಕೊಂಕಣಿಯೋ. ಭಯವನ್ನು ಇಂಗ್ಲಿಷಿನಲ್ಲಿ ವಿವರಿಸು ಎನ್ನುವುದು ಇನ್ನೊಂದು ಪರೀಕ್ಷೆ. ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಹೈಸ್ಕೂಲಿನ ಮಗುವಿಗೆ 8ರಿಂದ 10 ಗಂಟೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ನಾಲ್ಕು ಗಂಟೆಗೆ ಎಬ್ಬಿಸುವ ಮನೆಯಲ್ಲಿ ರಾತ್ರಿ ಎಂಟಕ್ಕೇ ಮಲಗಿಸಬೇಕಾಗುತ್ತದೆ, ಆ ಧೈರ್ಯ ಉಂಟೆ?

ಶಾಲೆಯಲ್ಲಿ ಹೊಡೆತ, ಅವಮಾನ ಆಗುತ್ತಿದ್ದರೆ ಸಹಿಸಿಕೊಳ್ಳಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೊದಲು ಕ್ಲಾಸ್ ಟೀಚರು, ಆಮೇಲೆ ಮುಖ್ಯೋಪಾಧ್ಯಾಯರು, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಎರಡು ವಾರ ಕಳೆದರೂ ನಿದ್ದೆ, ಊಟ, ಆಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇದೆ, ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರದಂದು ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಸಾಯುವ ಮಾತು ಮಗುವಿನ ಬಾಯಿಂದ ಒಮ್ಮೆ ಬಂದರೂ ಎರಡು ವಾರದ ಲೆಕ್ಕ ಬೇಡ. ಒಂಟಿಯಾಗಿ ಬಿಡಬೇಡಿ, ಅಂದೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಹುಡುಗ ಬಾಯಿಬಿಟ್ಟದ್ದು ಮೂರನೆಯ ಸಲ ಬಂದಾಗ. ಅದೂ ಮಾತಿನಲ್ಲಲ್ಲ. ಕ್ಲಾಸಿನ ಚಿತ್ರ ಬಿಡಿಸು ಎಂದು ಕಾಗದ ಕೊಟ್ಟಿದ್ದೆ. ಬೆಂಚುಗಳನ್ನೆಲ್ಲ ಬರೆದು, ಒಂದು ಬೆಂಚಿನಲ್ಲಿ ಒಬ್ಬನನ್ನು ಮಾತ್ರ ಎದ್ದು ನಿಲ್ಲಿಸಿದ್ದ. ಐದನೆಯವರೆಗೆ ಊರಿನ ಕನ್ನಡ ಶಾಲೆ, ಈ ವರ್ಷ ಪೇಟೆಯ ಇಂಗ್ಲಿಷ್ ಮೀಡಿಯಂ. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಟೀಚರು ಯಾರನ್ನು ಬೇಕಾದರೂ ಎಬ್ಬಿಸಿ ಪಾಠ ಓದಿಸುತ್ತಾರೆ. ಒಮ್ಮೆ ಇವನ ಉಚ್ಚಾರ ಕೇಳಿ ಹಿಂದಿನ ಬೆಂಚು ನಕ್ಕಿತ್ತು.

ತಾಯಿ ಹೋಗಿ ಟೀಚರನ್ನು ಕಂಡರು. ಜಗಳಕ್ಕೆ ಹೋಗಲಿಲ್ಲ, ಒಂದು ಸಣ್ಣ ಉಪಕಾರ ಕೇಳಿದರು: ಯಾವ ಪ್ಯಾರಾ ಓದಿಸುತ್ತೀರಿ ಎಂದು ಶನಿವಾರವೇ ಹೇಳಬಹುದಾ? ಟೀಚರು ಒಪ್ಪಿದ್ದಲ್ಲದೆ, ಎಲ್ಲ ಮಕ್ಕಳಿಗೂ ಶನಿವಾರವೇ ಹೇಳತೊಡಗಿದರು. ಭಾನುವಾರ ಹುಡುಗ ಅದನ್ನು ದನದ ಹಟ್ಟಿಯ ಎದುರು ಹತ್ತು ಸಲ ಓದಿದನಂತೆ.

ಚೌತಿಯ ಹೊತ್ತಿಗೆ ತಾಯಿಯ ಫೋನ್ ಬಂತು. “ಸೋಮವಾರದ್ದು ಹೋಯ್ತು ಮೇಡಂ. ಈಗ ಬುಧವಾರ ಶುರುವಾಗಿದೆ.” ನಗುತ್ತಿದ್ದರು. “ಗಣಿತ ಟೆಸ್ಟ್ ಉಂಟು ಅದಕ್ಕೆ ಹೊಟ್ಟೆ ನೋಯ್ತದೆ ಅಂತ ಅವನೇ ಹೇಳಿದ.”