ನೇತ್ರಾವತಿಯ ದಂಡೆಯಲ್ಲಿ ಶರದೃತುವಿನ ಪಾಠ

ಪ್ರಕೃತಿ ನಿರೀಕ್ಷಣೆಗೆ ವರುಷದಲ್ಲಿ ಅತ್ಯುತ್ತಮವಾದ ಕಾಲವು ಆಶ್ವಯುಜ ಮಾಸವೇ ಸರಿ. ಮಳೆಯು ಹಿಂಜರಿದು, ಬಿಸಿಲು ಇನ್ನೂ ತೀಕ್ಷ್ಣವಾಗದಿರುವ ಈ ದಿನಗಳಲ್ಲಿ ಮಂಗಳೂರಿನ ಜೆಪ್ಪುವಿನಿಂದ ನೇತ್ರಾವತಿಯ ದಂಡೆಗಿಳಿದು, ತೆಂಗಿನ ತೋಟಗಳ ಅಂಚಿನ ಕಾಲುದಾರಿಯಲ್ಲಿ ನಡೆಯುವ ವಿದ್ಯಾರ್ಥಿನಿಯು ಪುಸ್ತಕದಲ್ಲಿ ಓದಿದುದನ್ನು ಕಣ್ಣಾರೆ ಕಾಣಬಲ್ಲಳು. ಅಲ್ಲಿ ಏನನ್ನು ನೋಡಬೇಕು, ನೋಡಿದುದರಿಂದ ಏನನ್ನು ತಿಳಿಯಬೇಕು ಎಂಬುದನ್ನು ಸಂಕ್ಷೇಪವಾಗಿ ವಿವರಿಸುವೆವು.

ಮೊದಲನೆಯದಾಗಿ ನೀರಿನ ಬಣ್ಣವನ್ನು ಗಮನಿಸಬೇಕು. ಆಷಾಢದಲ್ಲಿ ಕೆಂಪಾಗಿ ಕದಡಿದ್ದ ಹೊಳೆಯು ಈಗ ತಿಳಿಯಾಗುತ್ತಿದೆ. ಇದಕ್ಕೆ ಕಾರಣವೇನು? ನೇತ್ರಾವತಿಯು ಕುದುರೆಮುಖದ ಬೆಟ್ಟಗಳಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಸುಮಾರು 100 ಕಿಲೋಮೀಟರು ಹರಿದು ಕಡಲನ್ನು ಸೇರುತ್ತದೆ. ಮಳೆಗಾಲದಲ್ಲಿ ವೇಗವು ಹೆಚ್ಚಿದಾಗ ಘಟ್ಟದ ಮಣ್ಣನ್ನೂ ಮುರಕಲ್ಲಿನ ಪುಡಿಯನ್ನೂ ಹೊತ್ತು ತರುತ್ತದೆ; ವೇಗವು ತಗ್ಗಿದೊಡನೆ ಆ ಹೊರೆಯನ್ನು ಇಳಿಸುತ್ತದೆ. ಗಾಜಿನ ಸೀಸೆಯಲ್ಲಿ ಮಣ್ಣನ್ನೂ ನೀರನ್ನೂ ಹಾಕಿ ಕುಲುಕಿ ಇಟ್ಟರೆ ಮೊದಲು ಮರಳು ತಳಕ್ಕಿಳಿಯುವುದು, ಬಹಳ ಹೊತ್ತಿನ ಮೇಲೆ ನುಣುಪಾದ ಜೇಡಿ ಇಳಿಯುವುದು. ಹೊಳೆಯೂ ಹಾಗೆಯೇ ಮಾಡುತ್ತದೆ. ಅಳಿವೆಯ ಬಳಿ ಉಪ್ಪುನೀರು ಬೆರೆತಾಗ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಮತ್ತಷ್ಟು ಬೇಗನೆ ತಳವನ್ನು ಸೇರುತ್ತವೆ.

ಎರಡನೆಯದಾಗಿ ದಂಡೆಯನ್ನು ನೋಡಬೇಕು. ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಸಲ ಭರತವೂ ಎರಡು ಸಲ ಇಳಿತವೂ ಆಗುವುವು. ಇಳಿತದ ವೇಳೆಯಲ್ಲಿ ಕಾಂಡ್ಲಾ ಗಿಡಗಳ ಸುತ್ತ ಕೆಸರಿನಿಂದ ಬೆರಳುಗಳಂತೆ ಮೇಲಕ್ಕೆದ್ದ ಬೇರುಗಳು ಕಾಣುವುವು. ಕೆಸರಿನೊಳಗೆ ಗಾಳಿಯಿಲ್ಲದುದರಿಂದ ಗಿಡವು ಇವುಗಳ ಮೂಲಕ ಉಸಿರಾಡುತ್ತದೆ. ಹೊಳೆ ತಂದ ಮಣ್ಣನ್ನು ಹಿಡಿದು ನಿಲ್ಲಿಸಿ ದಂಡೆಯನ್ನು ಕಾಯುವವುಗಳೂ ಇವೇ.

ಮೂರನೆಯದಾಗಿ, ಹೊಳೆಯ ಈ ಜೇಡಿಯಿಂದ ಆದ ಉಪಕಾರವನ್ನು ನೆನೆಯಬೇಕು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮತಾಂತರದ ನಿಮಿತ್ತ ಕುಲದ ಆಶ್ರಯವನ್ನು ಕಳೆದುಕೊಂಡ ಅನೇಕ ಕುಟುಂಬಗಳಿಗೆ ಅದು ಅನ್ನವನ್ನು ಕೊಟ್ಟಿತು. ಮಂಗಳೂರು ಹಂಚು ಸಮುದ್ರದಾಚೆಗೂ ಹೋಯಿತು. ಅಂತಹ ಕಾರ್ಖಾನೆಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಆದರೂ ಆಷಾಢದಲ್ಲಿ ನಾವು ಕೊಳಕೆಂದು ಕರೆಯುವ ಕೆಂಪುನೀರೇ ಎಷ್ಟೋ ಮನೆಗಳ ಮಾಡಿಗೆ ಮಣ್ಣನ್ನು ಒದಗಿಸಿತೆಂಬುದನ್ನು ಮರೆಯಲಾಗದು.

ಆದರೆ ಹೊಳೆಯು ಕೊಡುವಂತೆಯೇ ಕೊಂಡೊಯ್ಯಲೂ ಬಲ್ಲುದು. 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳದ ಪೇಟೆಗೆ ನೆರೆ ನುಗ್ಗಿತು. ಕಾಂಡ್ಲಾ ಗಿಡಗಳನ್ನು ಕಡಿದು, ಮಿತಿಯಿಲ್ಲದೆ ಮರಳನ್ನು ತೆಗೆದರೆ ದಂಡೆಯ ಬಲವು ಕುಂದುವುದು. ತುಂಬೆಯ ಅಣೆಕಟ್ಟಿನಿಂದ ನಮ್ಮ ನಗರಕ್ಕೆ ಬರುವ ಕುಡಿಯುವ ನೀರೂ ಈ ಹೊಳೆಯದೇ. ಮೇಲಿನ ಊರಿನವರು ಅದಕ್ಕೆ ಎಸೆದುದನ್ನು ಕೆಳಗಿನ ಊರಿನವರು ಕುಡಿಯಬೇಕಾಗುವುದು. ಪರರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ಹೊಳೆಯ ದಂಡೆಯಲ್ಲಿಯೂ ಪಾಲಿಸಬೇಕಷ್ಟೆ. ನೋಡಿ ತಿಳಿದವಳು ಕಾಯಲು ಕಲಿಯುವಳು. ಈ ಪಾಠದ ಉದ್ದೇಶವು ಅದೇ.

ಅಭ್ಯಾಸ

1. ಆಶ್ವಯುಜ, ಮಾರ್ಗಶಿರ, ಮಾಘ ಮಾಸಗಳಲ್ಲಿ ಒಂದೊಂದು ಸೀಸೆ ಹೊಳೆಯ ನೀರನ್ನು ಹಿರಿಯರಿಂದ ತರಿಸಿ, ತಳದಲ್ಲಿ ನಿಂತ ಮಣ್ಣನ್ನು ಹೋಲಿಸಿರಿ.

2. ಒಂದು ವಾರ ಪ್ರತಿದಿನವೂ ಭರತದ ವೇಳೆಯನ್ನು ವಿಚಾರಿಸಿ ಬರೆಯಿರಿ. ಅದು ದಿನದಿನಕ್ಕೆ ತಡವಾಗುವುದೇಕೆ?

3. ನಿಮ್ಮ ಮನೆಯ ಹಂಚಿನ ಮೇಲೆ ಒತ್ತಿದ ಹೆಸರನ್ನು ಓದಿ, ಅದು ಎಲ್ಲಿಯ ಮಣ್ಣೆಂದು ಹಿರಿಯರನ್ನು ಕೇಳಿ ತಿಳಿಯಿರಿ.